ತಂಬಾಕಿಗೆ 21ರ ಗಡಿ: ಹೊಸ ಕಾನೂನು ಯಾರನ್ನು, ಎಲ್ಲಿ, ಎಷ್ಟು ತಡೆಯಬಲ್ಲದು?

ಹದಿನೆಂಟು ತುಂಬಿದವರು ಮತ ಹಾಕಬಹುದು, ಕಾರು ಓಡಿಸಬಹುದು, ಸ್ವಂತ ಹೆಸರಿನಲ್ಲಿ ಅಂಗಡಿಯನ್ನೂ ತೆರೆಯಬಹುದು. ಕರ್ನಾಟಕದಲ್ಲಿ 21 ತುಂಬುವವರೆಗೆ ಅವರಿಗೆ ಒಂದು ಸಿಗರೇಟನ್ನೂ ಮಾರುವಂತಿಲ್ಲ. 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿದ್ದ ತಂಬಾಕು ತಿದ್ದುಪಡಿ ಮಸೂದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತ ಬಿದ್ದ ಮೇಲೆ ಬಂದ ಸ್ಥಿತಿ ಇದು. ಸುದ್ದಿ ಬಂದಾಗಿನಿಂದ ಗೊಂದಲ ಮುಗಿದಿಲ್ಲ. ಇಪ್ಪತ್ತರ ಹುಡುಗ ಸೇದಿದರೆ ಅಪರಾಧವೋ, ಮಾರಿದವನದು ಅಪರಾಧವೋ? ಗುಟ್ಕಾ ನಿಷೇಧವಾಗಿ ಹತ್ತು ವರ್ಷ ದಾಟಿದರೂ ಬೀಡಾ ಅಂಗಡಿಯ ಮುಂದೆ ಸ್ಯಾಶೆಗಳ ಮಾಲೆ ತೂಗುತ್ತಲೇ ಇರುವಾಗ, ಈ ಕಾನೂನಿಗೆ ಬೇರೆ ಗತಿ ಬರುವುದೆಂದು ನಂಬುವುದು ಹೇಗೆ?

ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ. ತಂಬಾಕು, ಮದ್ಯ, ಮಾದಕ ದ್ರವ್ಯಗಳನ್ನು ತಡೆಯುವ ಕಾರ್ಯಕ್ರಮಗಳಲ್ಲಿ ಕೆಲವು ನಿಜಕ್ಕೂ ಬಳಕೆಯನ್ನು ಇಳಿಸಿವೆ. ಕೆಲವು ಏನೂ ಮಾಡಿಲ್ಲ, ಕೆಲವು ಇದ್ದದ್ದನ್ನೂ ಕೆಡಿಸಿವೆ. ಯಾವುದು ಯಾಕೆ ಹಾಗಾಯಿತು ಎಂಬುದಕ್ಕೆ ನಾಲ್ಕು ದಶಕಗಳ ಪುರಾವೆ ಇದೆ. ಅದನ್ನು ಹೊಸ ಕಾನೂನಿನ ಪಕ್ಕದಲ್ಲಿಟ್ಟು ನೋಡಬೇಕು.

ಬದಲಾದದ್ದು ಏನು

ಮೂಲ ಕಾನೂನು 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಕೋಟ್ಪಾ. ಅದರ 6ನೇ ಸೆಕ್ಷನ್ 18 ತುಂಬದವರಿಗೆ ಮತ್ತು ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿತ್ತು. ಕರ್ನಾಟಕದ ತಿದ್ದುಪಡಿ ವಯಸ್ಸನ್ನು 21ಕ್ಕೂ ದೂರವನ್ನು 100 ಮೀಟರಿಗೂ ಏರಿಸಿದೆ. ದೂರದ ಬದಲಾವಣೆ ಹೆಸರಿಗೆ ಮಾತ್ರ, 100 ಗಜವೆಂದರೆ 91 ಮೀಟರಿಗಿಂತ ತುಸು ಹೆಚ್ಚು. ಪ್ಯಾಕೆಟ್ ಒಡೆದು ಬಿಡಿಯಾಗಿ ಮಾರುವುದನ್ನು ನಿಷೇಧಿಸಿದ್ದು ದೊಡ್ಡ ಬದಲಾವಣೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000ಕ್ಕೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ.

ಇಲ್ಲಿ ವಯಸ್ಸಿನ ನಿಷೇಧ ಇರುವುದು ಮಾರಾಟದ ಮೇಲೆ. ಇಪ್ಪತ್ತರ ಯುವಕನ ಜೇಬಿನಲ್ಲಿ ಸಿಗರೇಟು ಇದ್ದರೆ ಅದು ಅಪರಾಧವಲ್ಲ, ಅವನಿಗೆ ಅದನ್ನು ಮಾರಿದವನು ಹೊಣೆಗಾರ. ಕೊಳ್ಳುವವನ ವಯಸ್ಸು ಗೊತ್ತಿರಲಿಲ್ಲ ಎಂದು ಅಂಗಡಿಯವನು ಕೈತೊಳೆದುಕೊಳ್ಳುವಂತಿಲ್ಲ. ಗಿರಾಕಿ ನಿಗದಿತ ವಯಸ್ಸು ದಾಟಿದ್ದಾನೆಂದು ತೋರಿಸುವ ಭಾರ ಮಾರುವವನದೇ ಎಂದು ಕೋಟ್ಪಾ ಅಡಿಯ 2004ರ ನಿಯಮಗಳು ಹೇಳುತ್ತವೆ. ಅನುಮಾನ ಬಂದರೆ ವಯಸ್ಸಿನ ದಾಖಲೆ ಕೇಳುವ ಅಧಿಕಾರವೂ ಅವನಿಗೆ ಇದೆ. ಅಂಗಡಿಯ ಮುಂದೆ ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಎಚ್ಚರಿಕೆ ಫಲಕ ಇರಬೇಕು. ಶಾಲೆಯಿಂದ ದೂರವನ್ನು ಗೇಟಿನಿಂದಲ್ಲ, ಕಾಂಪೌಂಡ್ ಗೋಡೆಯ ಹೊರ ಅಂಚಿನಿಂದ ಎಲ್ಲ ದಿಕ್ಕಿಗೂ ಅಳೆಯಬೇಕು. ಗೇಟಿನಿಂದ ಅಳೆದು ಹಿಂಬದಿ ಗೋಡೆಗೆ ಒರಗಿಕೊಂಡ ಪೆಟ್ಟಿಗೆ ಅಂಗಡಿಯನ್ನು ಬಿಟ್ಟುಬಿಡುವುದು ತಪಾಸಣೆಯಲ್ಲಿ ಆಗುವ ಸಾಮಾನ್ಯ ತಪ್ಪು. ಕೋಚಿಂಗ್ ಸೆಂಟರುಗಳ ವಿಷಯ ಬೇರೆ. ಕಾನೂನಿನ ವ್ಯಾಖ್ಯೆ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನೂರಾರು ಹದಿಹರೆಯದವರು ದಿನವಿಡೀ ಸೇರುವ ಕೋಚಿಂಗ್ ಬೀದಿಗಳು ಅದರೊಳಗೆ ಸಲೀಸಾಗಿ ಸೇರುವುದಿಲ್ಲ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಇನ್ನೊಂದು ಕಾನೂನೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿನ ಕೈಗೆ ತಂಬಾಕು, ಮದ್ಯ ಅಥವಾ ಮಾದಕ ದ್ರವ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಂದರೆ ಅದೇ ಅಂಗಡಿಯವನು ಅದೇ ಸಿಗರೇಟನ್ನು ಹದಿನೇಳರ ಹುಡುಗನಿಗೆ ಕೊಟ್ಟರೆ ಜೈಲು ಸೇರಬಹುದು, ಹತ್ತೊಂಬತ್ತರವನಿಗೆ ಕೊಟ್ಟರೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಏಳು ವರ್ಷದ ಸಜೆ ಪುಸ್ತಕದಲ್ಲಿದ್ದೂ ಗೂಡಂಗಡಿಯ ವ್ಯಾಪಾರ ಕದಲಿಲ್ಲ. ಶಿಕ್ಷೆ ಎಷ್ಟು ಕಠೋರ ಎಂಬುದಕ್ಕಿಂತ ಸಿಕ್ಕಿಬೀಳುವ ಸಂಭವ ಎಷ್ಟು ಎಂಬುದೇ ವ್ಯಾಪಾರಿಯ ಲೆಕ್ಕವನ್ನು ಬದಲಿಸುತ್ತದೆ.

ಹದಿನೆಂಟರ ಬದಲು ಇಪ್ಪತ್ತೊಂದು ಏಕೆ

"18 ತುಂಬಿದವರು ಪ್ರಬುದ್ಧರಲ್ಲವೇ?" ಎಂಬ ಆಕ್ಷೇಪಕ್ಕೆ ಬೆಂಬಲಿಗರು ಕೊಡುವ ಉತ್ತರಕ್ಕೂ ಪ್ರಬುದ್ಧತೆಗೂ ಸಂಬಂಧ ಕಡಿಮೆ. ಹದಿನೈದು, ಹದಿನಾರರ ಮಕ್ಕಳು ತಂಬಾಕನ್ನು ಹೆಚ್ಚಾಗಿ ಅಂಗಡಿಯಿಂದ ತರುವುದಿಲ್ಲ, ತಮಗಿಂತ ಎರಡು ಮೂರು ವರ್ಷ ದೊಡ್ಡವರ ಕೈಯಿಂದ ಪಡೆಯುತ್ತಾರೆ. ಪಿಯು ಕಾಲೇಜಿನ ಆವರಣದಲ್ಲಿ 18 ತುಂಬಿದವರು ಬೇಕಾದಷ್ಟು ಸಿಗುತ್ತಾರೆ, 21 ತುಂಬಿದವರು ಸಿಗುವುದು ಅಪರೂಪ. ವಯಸ್ಸಿನ ಗಡಿಯನ್ನು ಮೂರು ವರ್ಷ ಮೇಲಕ್ಕೆ ತಳ್ಳಿದರೆ ಕೊಂಡುಕೊಡುವ ಕೈ ಹುಡುಗನ ಒಡನಾಟದಿಂದಲೇ ಆಚೆ ಹೋಗುತ್ತದೆ. ಹೆಸರಿಗೆ 18ರಿಂದ 20ರವರನ್ನು ತಡೆಯುವ ಕಾನೂನು ಹೆಚ್ಚು ಮುಟ್ಟುವುದು 15ರಿಂದ 17ರವರನ್ನು.

ಇದು ಬರೀ ತರ್ಕವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೀಡಮ್ ಎಂಬ ಪಟ್ಟಣ 2005ರಲ್ಲಿ ಗಡಿಯನ್ನು 21ಕ್ಕೆ ಏರಿಸಿತು. ಸುತ್ತಲಿನ ಊರುಗಳಲ್ಲಿ ಅದು 18ರಲ್ಲೇ ಇತ್ತು. 2006ರಿಂದ 2010ರ ನಡುವೆ ನೀಡಮ್‌ನ ಪ್ರೌಢಶಾಲಾ ಮಕ್ಕಳಲ್ಲಿ ಸೇದುವವರ ಪ್ರಮಾಣ ಶೇ 13ರಿಂದ 7ಕ್ಕೆ ಇಳಿಯಿತು. ನೆರೆಯ ಊರುಗಳಲ್ಲಿ ಇಳಿದದ್ದು ಶೇ 15ರಿಂದ 12ಕ್ಕೆ. ಪಕ್ಕದ ಊರಿಗೆ ಹೋಗಿ ಕೊಳ್ಳುವ ದಾರಿ ತೆರೆದಿದ್ದರೂ ಬಹಳ ಮಕ್ಕಳು ಹೋಗಲಿಲ್ಲ. ಇನ್ನೂ ಚಟ ಅಂಟದವನಿಗೆ ಸಣ್ಣ ತೊಡಕೂ ದೊಡ್ಡ ತಡೆಯೇ. ಅದೇ ತೊಡಕನ್ನು ಇಪ್ಪತ್ತು ವರ್ಷದಿಂದ ಸೇದುತ್ತಿರುವವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2019ರ ಡಿಸೆಂಬರಿನಲ್ಲಿ ಅಮೆರಿಕ ಇಡೀ ದೇಶಕ್ಕೆ 21ರ ಗಡಿ ತಂದಿತು.

ಆದರೆ ನೀಡಮ್‌ನಲ್ಲಿ ಅಂಗಡಿಗಳಿಗೆ ಪರವಾನಗಿ ಇತ್ತು, ಪಟ್ಟಿ ಇತ್ತು, ತಪಾಸಣೆ ಇತ್ತು. ಇಲ್ಲಿ ತಂಬಾಕು ಮಾರುವ ಪೆಟ್ಟಿಗೆ ಅಂಗಡಿಗಳು ಎಷ್ಟಿವೆ, ಯಾರ ಹೆಸರಿನಲ್ಲಿವೆ ಎಂಬ ಪೂರ್ತಿ ಪಟ್ಟಿಯೇ ಸಿಗುವುದಿಲ್ಲ.

ಬಿಡಿ ಮಾರಾಟ: ಕಾನೂನಿನ ನಿಜವಾದ ಕೀಲು

ವಯಸ್ಸಿನ ಚರ್ಚೆಯ ಗದ್ದಲದಲ್ಲಿ ಬಿಡಿ ಮಾರಾಟದ ನಿಷೇಧ ಮರೆಯಾಗಿದೆ. ತಡೆಯ ದೃಷ್ಟಿಯಿಂದ ಅದರ ತೂಕವೇ ಹೆಚ್ಚು. ಭಾರತದಲ್ಲಿ ಸಿಗರೇಟಿನ ದೊಡ್ಡ ಪಾಲು ಮಾರಾಟವಾಗುವುದು ಒಂದೊಂದಾಗಿ, ಚಹಾದ ಲೋಟದ ಜೊತೆಗೆ. ಈ ಒಂದು ಪದ್ಧತಿ ಮೂರು ತಡೆಗಳನ್ನು ಒಟ್ಟಿಗೆ ಬೀಳಿಸುತ್ತದೆ.

ಮೊದಲ ತಡೆ ಬೆಲೆ. ತೆರಿಗೆ ಏರಿ ಪ್ಯಾಕೆಟ್ ದುಬಾರಿಯಾದರೂ ವಿದ್ಯಾರ್ಥಿಗೆ ಕಾಣುವುದು ಒಂದು ಸಿಗರೇಟಿಗೆ ಹೆಚ್ಚಾದ ಒಂದೆರಡು ರೂಪಾಯಿ ಮಾತ್ರ. ಪೂರ್ತಿ ಪ್ಯಾಕೆಟ್ಟಿಗೆ ಒಮ್ಮೆಗೇ ಹಣ ಹಾಕಬೇಕಾಗಿ ಬಂದರೆ ಜೇಬುಖರ್ಚಿನವನು ಯೋಚಿಸುತ್ತಾನೆ. ಎರಡನೆಯದು ಎಚ್ಚರಿಕೆ. 2016ರ ಏಪ್ರಿಲ್‌ನಿಂದ ಪ್ಯಾಕೆಟ್ಟಿನ ಎರಡೂ ಬದಿಯ ಶೇ 85 ಭಾಗವನ್ನು ಚಿತ್ರ ಸಹಿತ ಎಚ್ಚರಿಕೆ ಆವರಿಸಬೇಕು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದುಪಡಿಸಿ, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟು, ಅಷ್ಟೆಲ್ಲ ವ್ಯಾಜ್ಯದ ನಂತರ ಉಳಿದ ಚಿತ್ರ ಅದು. ಬಿಡಿಯಾಗಿ ಕೊಂಡವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಚಟ ಬಿಡಿಸುವ ಸಹಾಯವಾಣಿ 1800-11-2356 ಕೂಡ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುವುದು. ಮೂರನೆಯದು ವಯಸ್ಸು. ಒಂದು ಸಿಗರೇಟು, ಕೈಯಲ್ಲಿ ಚಿಲ್ಲರೆ, ಕೆಲವೇ ಕ್ಷಣದ ವ್ಯವಹಾರ. ಅಲ್ಲಿ ಆಧಾರ್ ಕೇಳುವವರು ಯಾರು?

ಹಾಗಾದರೆ ಬಿಡಿ ಮಾರಾಟ ನಿಂತರೆ ಏನಾಗಬಹುದು? ದಿನಕ್ಕೆ ಎರಡು ಮೂರು ಸೇದುವವನು ಪ್ಯಾಕೆಟ್ ಕೊಂಡರೆ, ಜೇಬಿನಲ್ಲಿ ಇದೆ ಎಂಬ ಕಾರಣಕ್ಕೇ ಹೆಚ್ಚು ಸೇದಬಹುದು ಎಂಬ ಆತಂಕ ಇದೆ. ಅದು ನಿಜವಾಗುವ ಸಂಭವವೂ ಇದೆ. ಈಗಾಗಲೇ ಅಂಟಿಸಿಕೊಂಡವರಲ್ಲಿ ಕೆಲವರಿಗೆ ನಷ್ಟ, ಇನ್ನೂ ಶುರುಮಾಡದವರಿಗೆ ಲಾಭ. ತಡೆ ಎಂಬುದರ ಗುರಿ ಎರಡನೆಯ ಗುಂಪಾದ್ದರಿಂದ ಈ ವಿನಿಮಯ ಒಪ್ಪತಕ್ಕದ್ದೇ. ಇನ್ನೊಂದು ಸಾಧ್ಯತೆ ಗೆಳೆಯರು ಸೇರಿ ಪ್ಯಾಕೆಟ್ ಹಂಚಿಕೊಳ್ಳುವುದು. ಮತ್ತೂ ಒಂದು, ಕಂಪನಿಗಳು ಸಣ್ಣ ಪ್ಯಾಕೆಟ್‌ಗಳನ್ನು ಹೆಚ್ಚಿಸುವುದು. ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 16ನೇ ವಿಧಿ ಬಿಡಿ ಮಾರಾಟವನ್ನೂ ಸಣ್ಣ ಪ್ಯಾಕೆಟ್ಟನ್ನೂ ಒಟ್ಟಿಗೆ ತಡೆಯುವಂತೆ ಹೇಳುತ್ತದೆ. ಮೊದಲನೆಯದನ್ನು ಮಾತ್ರ ತಡೆದರೆ ಸೋರುವ ಜಾಗ ಎರಡನೆಯದೇ.

ವ್ಯಾಪಾರಿಗಳ ವಾದದಲ್ಲಿ ತಿರುಳಿದೆ

ಸಣ್ಣ ವ್ಯಾಪಾರಿಗಳ ಆಕ್ಷೇಪವನ್ನು ಕಂಪನಿಗಳ ಮುಖವಾಣಿ ಎಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಪೆಟ್ಟಿಗೆ ಅಂಗಡಿಯ ದಿನದ ವಹಿವಾಟಿನಲ್ಲಿ ತಂಬಾಕಿನ ಪಾಲು ದೊಡ್ಡದು. ಸಿಗರೇಟಿಗೆ ಬಂದವನು ಚಹಾ, ಬಾಳೆಹಣ್ಣು, ಬಿಸ್ಕತ್ತನ್ನೂ ಕೊಳ್ಳುತ್ತಾನೆ. ದಂಡ ಏರಿದಷ್ಟೂ ಮಾಮೂಲಿನ ದರವೂ ಏರುತ್ತದೆ ಎಂಬ ಅವರ ಭಯಕ್ಕೆ ಅನುಭವದ ಬೆಂಬಲ ಇದೆ. ಅಧಿಕೃತ ದಂಡ 200 ಇದ್ದಾಗ ಅದನ್ನು ಕಟ್ಟಿ ರಸೀದಿ ಪಡೆಯುವುದೇ ವಾಸಿ ಅನ್ನಿಸುತ್ತಿತ್ತು. ಸಾವಿರವಾದಾಗ ರಸೀದಿಯಿಲ್ಲದ ಮುನ್ನೂರಕ್ಕೆ ಚೌಕಾಸಿ ಶುರುವಾಗುತ್ತದೆ.

ಬೆಳೆಗಾರರ ಆತಂಕ ಬೇರೆ ತರಹದ್ದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರು ಇಂಥ ಪ್ರತಿ ಕಾನೂನಿನಲ್ಲೂ ತಮ್ಮ ಬೆಳೆಗೆ ಕುತ್ತು ಕಾಣುತ್ತಾರೆ. ಆದರೆ ಮೈಸೂರು ಭಾಗದ ವರ್ಜೀನಿಯಾ ತಂಬಾಕಿನ ಬಹುಪಾಲು ರಫ್ತಾಗುತ್ತದೆ. ಹರಾಜು ಕಟ್ಟೆಯ ದರವನ್ನು ಆಡಿಸುವುದು ಜಾಗತಿಕ ಮಾರುಕಟ್ಟೆ ಮತ್ತು ತಂಬಾಕು ಮಂಡಳಿ ನಿಗದಿಪಡಿಸುವ ಉತ್ಪಾದನಾ ಮಿತಿ. ಬೆಂಗಳೂರಿನ ಇಪ್ಪತ್ತರ ಹುಡುಗನಿಗೆ ಸಿಗರೇಟು ಸಿಗದಿದ್ದರೆ ಹುಣಸೂರಿನ ಹರಾಜಿನಲ್ಲಿ ಅದು ಕಾಣುವಷ್ಟು ದೊಡ್ಡ ಅಂಕಿಯಲ್ಲ.

ವ್ಯಾಪಾರಿಗಳ ಸಮಸ್ಯೆಗೆ ಒಂದು ಆಡಳಿತಾತ್ಮಕ ದಾರಿ ಇದ್ದೇ ಇದೆ. ತಂಬಾಕು ಮಾರುವ ಅಂಗಡಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಕಡ್ಡಾಯ ಮಾಡಿ, ಅಲ್ಲಿ ಚಾಕೊಲೇಟ್, ಚಿಪ್ಸ್, ತಂಪು ಪಾನೀಯದಂಥ ಮಕ್ಕಳನ್ನು ಸೆಳೆಯುವ ಸರಕು ಇಡಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು. ಪರವಾನಗಿ ಬಂದರೆ ಅಂಗಡಿಗಳ ಪಟ್ಟಿ ಬರುತ್ತದೆ. ಪಟ್ಟಿ ಇದ್ದರೆ ತಪಾಸಣೆಗೆ ಲೆಕ್ಕ ಇರುತ್ತದೆ. ಕಾಯ್ದೆ ಪಾಲಿಸುವ ಅಂಗಡಿಯವನಿಗೆ ಪಾಲಿಸದ ಪಕ್ಕದವನಿಂದ ಆಗುವ ನಷ್ಟವೂ ಕಡಿಮೆಯಾಗುತ್ತದೆ.

ಹೊಗೆಗಿಂತ ಜಗಿತ ದೊಡ್ಡದು

ಹೊಸ ಕಾನೂನಿನ ಸುದ್ದಿಗಳೊಂದಿಗೆ ಬಂದ ಚಿತ್ರಗಳಲ್ಲಿ ಹೆಚ್ಚಾಗಿ ಕಂಡದ್ದು ಸಿಗರೇಟು ಮತ್ತು ಹುಕ್ಕಾ. ಕರ್ನಾಟಕದ ಅಂಕಿಗಳು ಬೇರೆ ಕಥೆ ಹೇಳುತ್ತವೆ. 2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಒಟ್ಟು ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8, ಜಗಿಯುವವರು ಅಥವಾ ಒಸಡಿಗೆ ಇಟ್ಟುಕೊಳ್ಳುವವರು ಶೇ 16.3. ಎರಡನ್ನೂ ಮಾಡುವವರು ಇರುವುದರಿಂದ ಕೂಡಿಸಿದರೆ ಮೊತ್ತ ಹೆಚ್ಚಾಗಿ ಕಾಣುತ್ತದೆ. ಹೊಗೆಯಿಲ್ಲದ ತಂಬಾಕು ಹೊಗೆಯದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು. ಹೊಲದಲ್ಲಿ ದುಡಿಯುವ ಹೆಂಗಸರು ಎಲೆಅಡಿಕೆಯೊಡನೆ ಹಾಕಿಕೊಳ್ಳುವ ಹೊಗೆಸೊಪ್ಪೂ ಇದರಲ್ಲಿ ಸೇರಿದೆ. ಹುಕ್ಕಾ ಬಾರ್ ಮುಚ್ಚಿಸಿದ್ದಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ.

ಗುಟ್ಕಾದ ಅನುಭವ ಇಲ್ಲಿ ಪಾಠವಾಗಬೇಕು. ಆಹಾರ ಪದಾರ್ಥದಲ್ಲಿ ತಂಬಾಕು ಅಥವಾ ನಿಕೋಟಿನ್ ಬೆರೆಸಬಾರದು ಎಂಬ 2011ರ ಆಹಾರ ಸುರಕ್ಷತಾ ನಿಯಮವನ್ನು ಆಧರಿಸಿ 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ನಿಯಮ ನಿಂತಿರುವುದು ಬೆರೆಸುವಿಕೆಯ ಮೇಲೆ. ತಯಾರಕರು ಬೆರೆಸುವುದನ್ನು ನಿಲ್ಲಿಸಿದರು, ಅಷ್ಟೆ. ಪಾನ್ ಮಸಾಲ ಒಂದು ಸ್ಯಾಶೆ, ಅದರ ಪಕ್ಕದಲ್ಲೇ ತೂಗುವ ಪುಡಿ ತಂಬಾಕು ಇನ್ನೊಂದು ಸ್ಯಾಶೆ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ವರ್ಗವಾಯಿತು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಜೋಡಿ ಸ್ಯಾಶೆಗಳ ವಿರುದ್ಧವೂ ಆದೇಶ ಕೊಟ್ಟಿತು. ಮಾಲೆ ಮಾತ್ರ ಇಳಿಯಲಿಲ್ಲ. ಪಾನ್ ಮಸಾಲದ ಹೆಸರನ್ನೇ ಏಲಕ್ಕಿಗೆ ಇಟ್ಟು ಸಿನಿಮಾ ತಾರೆಯರಿಂದ ಜಾಹೀರಾತು ಮಾಡಿಸುವ ಕಲೆಯೂ ಬೆಳೆಯಿತು.

ತಂಬಾಕು ತೆಗೆದರೂ ಉಳಿಯುವ ಅಡಿಕೆಯನ್ನೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ರಾಜಕಾರಣಿ ಸಿಗುವುದು ಕಷ್ಟ.

ಹೊಸ ತಿದ್ದುಪಡಿಯ 21ರ ಗಡಿ ಎಲ್ಲ ತಂಬಾಕು ಪದಾರ್ಥಗಳಿಗೂ ಅನ್ವಯಿಸುತ್ತದೆ. ಆದರೆ ಬಿಡಿ ಮಾರಾಟದ ನಿಷೇಧದಿಂದ ಸಿಗರೇಟಿಗೆ ಬೀಳುವ ಬೆಲೆಯ ತಡೆ ಸ್ಯಾಶೆಗೆ ಬೀಳುವುದಿಲ್ಲ. ಅದು ತಯಾರಾಗುವಾಗಲೇ ಒಂದು ಸಲಕ್ಕೆ ಆಗುವಷ್ಟು, ಕೆಲವೇ ರೂಪಾಯಿಯ ಪೊಟ್ಟಣ. ಸಿಗರೇಟು ಕೈಗೆಟುಕದ ಹುಡುಗ ಸ್ಯಾಶೆಯತ್ತ ತಿರುಗಿದರೆ ಸೇದುವವರ ಅಂಕಿ ಇಳಿಯುತ್ತದೆ, ಬಾಯಿ ಕ್ಯಾನ್ಸರಿನದಲ್ಲ.

ಪರ್ಯಾಯದತ್ತ ಜಾರುವ ಈ ಗುಣ ಮದ್ಯದಲ್ಲೂ ಕಂಡದ್ದೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುತ್ತಿದ್ದವರಲ್ಲಿ ಬಹಳ ಮಂದಿ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣಗಳಿಗೆ ಹೊರಳಿದರು. ಅಬಕಾರಿ ಆದಾಯ ಇಳಿಯಲಿಲ್ಲ, ಏರಿತು.

ಜಾಥಾ, ಪ್ರತಿಜ್ಞೆ, ಹೆದರಿಸುವ ಚಿತ್ರ

ಕಾನೂನಿನ ಜೊತೆಗೇ ಓಡುವ ಇನ್ನೊಂದು ಕೆಲಸ ಶಾಲೆಗಳ ಜಾಗೃತಿ. ಮೇ 31ರ ತಂಬಾಕು ರಹಿತ ದಿನ, ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಬಂದರೆ ಜಾಥಾ, ಭಿತ್ತಿಪತ್ರ ಸ್ಪರ್ಧೆ, ಪ್ರತಿಜ್ಞೆ, ಪೊಲೀಸ್ ಅಧಿಕಾರಿಯ ಭಾಷಣ. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಪ್ರಮಾಣಪತ್ರ ಎಂಬ ವರದಿ ಮೇಲಕ್ಕೆ ಹೋಗುತ್ತದೆ. ಎಷ್ಟು ಮಕ್ಕಳು ಶುರುಮಾಡಲಿಲ್ಲ ಎಂಬ ಕಾಲಮ್ಮೇ ಆ ನಮೂನೆಯಲ್ಲಿ ಇರುವುದಿಲ್ಲ.

ಈ ಮಾದರಿಯ ಅತಿ ದೊಡ್ಡ ಪರೀಕ್ಷೆ ಅಮೆರಿಕದ ಡೇರ್ ಕಾರ್ಯಕ್ರಮ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಪಾಠ ಮಾಡುವ ರೀತಿಯಲ್ಲಿ ದೇಶವಿಡೀ ಹರಡಿತು. ಪೋಷಕರಿಗೂ ಶಿಕ್ಷಕರಿಗೂ ಬಹಳ ಇಷ್ಟವಾಯಿತು. ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಮಾದಕ ಬಳಕೆಯಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ 2009ರಲ್ಲಿ ಅದರ ಪಠ್ಯವನ್ನೇ ಬದಲಿಸಬೇಕಾಯಿತು. 1998ರಿಂದ ಅಮೆರಿಕ ಸರ್ಕಾರ ನಡೆಸಿದ ಮಾದಕ ವಿರೋಧಿ ಜಾಹೀರಾತು ಅಭಿಯಾನದ ಮೌಲ್ಯಮಾಪನವೂ ಗಾಂಜಾ ಬಳಕೆ ಇಳಿದ ಪುರಾವೆ ಕೊಡಲಿಲ್ಲ. ಕೆಲವು ಗುಂಪುಗಳಲ್ಲಿ ಫಲ ತಿರುಗುಮುರುಗಾಗಿತ್ತು. ಒಳ್ಳೆಯ ಉದ್ದೇಶದ ಪಠ್ಯವೂ ಎಡವಬಹುದು: ಯುರೋಪಿನಲ್ಲಿ ಫಲ ಕೊಟ್ಟಿದ್ದ ಅನ್‌ಪ್ಲಗ್ಡ್ ಪಠ್ಯವನ್ನು ಬ್ರೆಜಿಲ್‌ಗೆ ಒಗ್ಗಿಸಿ ಪರೀಕ್ಷಿಸಿದಾಗ, ಪಾಠ ಪಡೆದ ಮಕ್ಕಳಲ್ಲಿ ಮೊದಲ ಬಾರಿ ಮದ್ಯ ರುಚಿ ನೋಡಿದವರೇ ಹೆಚ್ಚಾಗಿದ್ದರು.

ಯಾಕೆ ಹೀಗೆ? "ಇಂದಿನ ಯುವಜನತೆ ಮಾದಕ ವ್ಯಸನದಲ್ಲಿ ಮುಳುಗಿದೆ" ಎಂದು ವೇದಿಕೆಯಿಂದ ಗುಡುಗಿದಾಗ ಹದಿಮೂರರ ಹುಡುಗನ ಕಿವಿಗೆ ಬೀಳುವುದು "ಎಲ್ಲರೂ ಮಾಡುತ್ತಿದ್ದಾರೆ, ನೀನೊಬ್ಬ ಉಳಿದಿದ್ದೀಯ" ಎಂಬ ಅರ್ಥ. ನಿಜ ಸಂಗತಿ ತದ್ವಿರುದ್ಧ. 2019ರ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದು ಒಂದು. ಶಾಲೆ ಬಿಟ್ಟ ಮಕ್ಕಳು ಆ ಲೆಕ್ಕದಲ್ಲಿ ಇಲ್ಲ, ಮಕ್ಕಳು ತಾವಾಗಿ ಹೇಳಿಕೊಂಡ ಉತ್ತರವೂ ತುಸು ಕಡಿಮೆಯೇ ಇರಬಹುದು. ಹಾಗಿದ್ದರೂ ತರಗತಿಯಲ್ಲಿ ಹೇಳಬೇಕಾದ ವಾಕ್ಯ "ನಿಮ್ಮ ವಯಸ್ಸಿನ ಬಹುತೇಕ ಎಲ್ಲರೂ ಮುಟ್ಟುವುದಿಲ್ಲ" ಎಂಬುದೇ. ಕೊಳೆತ ಶ್ವಾಸಕೋಶದ ಚಿತ್ರಕ್ಕೂ ಇದೇ ಮಿತಿ. ನಲವತ್ತು ವರ್ಷದ ನಂತರದ ಕಾಯಿಲೆ ಹದಿಹರೆಯದ ಲೆಕ್ಕಾಚಾರದೊಳಗೆ ಬರುವುದಿಲ್ಲ. ಇವತ್ತು ಸಂಜೆ ಗೆಳೆಯರ ಮುಂದೆ ಬೇಡ ಎನ್ನುವುದು ಹೇಗೆ ಎಂಬುದು ಬರುತ್ತದೆ.

ಫಲ ಕೊಟ್ಟದ್ದು ಯಾವುದು

ಉದಾಹರಣೆಗೆ ದೂರ ಹೋಗಬೇಕಿಲ್ಲ. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ಮೈತ್ರಿ ಎಂಬ ಯೋಜನೆ ನಡೆಯಿತು. ಚೀಟಿ ಎತ್ತಿದಂತೆ ಆಯ್ದ ಅರ್ಧ ಶಾಲೆಗಳಿಗೆ ಕಾರ್ಯಕ್ರಮ, ಉಳಿದವು ಹೋಲಿಕೆಗೆ. ಆರನೇ ಮತ್ತು ಎಂಟನೇ ತರಗತಿಯಲ್ಲಿ ಶುರುಮಾಡಿ ಎರಡು ವರ್ಷ ನಡೆಸಿದರು. ತರಗತಿ ಚಟುವಟಿಕೆ, ಶಾಲೆಯಲ್ಲಿ ಪೋಸ್ಟರ್, ಪೋಷಕರಿಗೆ ಪೋಸ್ಟ್‌ಕಾರ್ಡ್, ಸಹಪಾಠಿಗಳೇ ಮುಂದಾಳಾಗಿ ನಡೆಸುವ ಕೆಲಸಗಳು, ಹೀಗೆ ನಾಲ್ಕು ಎಳೆ. ಎರಡು ವರ್ಷದ ಕೊನೆಗೆ ಹೋಲಿಕೆಯ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿತ್ತು, ಕಾರ್ಯಕ್ರಮದ ಶಾಲೆಗಳಲ್ಲಿ ಶೇ 17ರಷ್ಟು ಇಳಿದಿತ್ತು. ಶುರುವಿನ ಸಮೀಕ್ಷೆಯಲ್ಲೇ ಒಂದು ಅಚ್ಚರಿ ಸಿಕ್ಕಿತ್ತು: ಎಂಟನೆಯವರಿಗಿಂತ ಆರನೆಯವರಲ್ಲಿ ಬಳಕೆ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಕಾಲೇಜಿನಲ್ಲಿ ಉಪನ್ಯಾಸ ಕೊಡಿಸುವವರು ಆ ಅಂಕಿಯನ್ನೊಮ್ಮೆ ನೋಡಬೇಕು.

ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾನದಂಡಗಳು ಹೇಳುವುದೂ ಇದನ್ನೇ. ವಾರಕ್ಕೊಂದರಂತೆ ಹತ್ತರಿಂದ ಹದಿನೈದು ತರಗತಿ, ಮುಂದಿನ ವರ್ಷಗಳಲ್ಲಿ ನೆನಪಿಸುವ ತರಗತಿಗಳು, ತರಬೇತಿ ಪಡೆದ ಶಿಕ್ಷಕರು, ಭಾಷಣಕ್ಕಿಂತ ಅಭಿನಯ ಮತ್ತು ಅಭ್ಯಾಸ. ಬರೀ ಮಾಹಿತಿ, ಬರೀ ಭಯ, ಚಟ ಬಿಟ್ಟವರ ಕಥೆ ಹೇಳಿಸುವುದು, ಇವುಗಳಿಂದ ತಡೆಯಾದ ಪುರಾವೆ ಇಲ್ಲ. ಅಮೆರಿಕದ ಮನೋವಿಜ್ಞಾನಿ ಗಿಲ್ಬರ್ಟ್ ಬಾಟ್ವಿನ್ ಶಾಲೆಗಳಿಗಾಗಿ ರೂಪಿಸಿದ ಜೀವನ ಕೌಶಲ ಪಠ್ಯದಲ್ಲಿ ಮೊದಲ ವರ್ಷ 15, ಎರಡನೆಯ ವರ್ಷ 10, ಮೂರನೆಯ ವರ್ಷ 5 ತರಗತಿ. ಮೊದಲ ವರ್ಷದ್ದನ್ನು ಮಾಡಿ ಉಳಿದದ್ದನ್ನು ಕೈಬಿಟ್ಟರೆ ಪರಿಣಾಮ ಬೇಗ ಮಾಸುತ್ತದೆ. ನಮ್ಮಲ್ಲಿ ಇಂಥವು ಸೋಲುವುದೂ ಇಲ್ಲೇ: ಶಿಕ್ಷಕರ ವರ್ಗಾವಣೆ, ಮಾರ್ಚ್ ಹೊತ್ತಿಗೆ ಪಠ್ಯ ಮುಗಿಸುವ ಅವಸರ, ಹದಿನೈದು ತರಗತಿಯನ್ನು ಒಂದು ಶನಿವಾರದ ಕಾರ್ಯಾಗಾರಕ್ಕೆ ತುರುಕುವುದು.

ಐಸ್‌ಲ್ಯಾಂಡ್ ತರಗತಿಯನ್ನೂ ಬಿಟ್ಟು ಸುತ್ತಲಿನ ಪರಿಸರಕ್ಕೆ ಕೈಹಾಕಿತು. ಸಂಜೆಯ ಆಟೋಟಗಳಿಗೆ ಸರ್ಕಾರದ ಹಣ, ರಾತ್ರಿ ಮಕ್ಕಳು ಹೊರಗಿರುವುದಕ್ಕೆ ಗಂಟೆಯ ಮಿತಿ, ಪೋಷಕರ ನಡುವೆ ಒಪ್ಪಂದ, ಪ್ರತಿ ಊರಿಗೂ ಅದರದೇ ಸಮೀಕ್ಷೆಯ ಫಲಿತಾಂಶ. 1998ರಲ್ಲಿ 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದವರು ಶೇ 42 ಇದ್ದರು; 2016ರಲ್ಲಿ ಶೇ 5. ದಿನವೂ ಸೇದುವವರು ಶೇ 23ರಿಂದ 3ಕ್ಕೆ ಬಂದರು. ಕೆಲವು ಲಕ್ಷ ಜನರ ಶ್ರೀಮಂತ ದ್ವೀಪದ್ದನ್ನು ಇಲ್ಲಿಗೆ ನಕಲು ಮಾಡಲಾಗದು, ಆ ಇಳಿಕೆಯಲ್ಲಿ ಕಾರ್ಯಕ್ರಮದ ಪಾಲೆಷ್ಟು ಎಂಬ ಚರ್ಚೆಯೂ ಇದೆ. ಅಳತೆಯ ಫಲಿತಾಂಶವನ್ನು ಆಯಾ ಊರಿಗೇ ಹಿಂದಿರುಗಿಸಿದ ಪದ್ಧತಿಯನ್ನು ಮಾತ್ರ ಎಲ್ಲಿ ಬೇಕಾದರೂ ಮಾಡಬಹುದು.

ಬೆಲೆ, ಮತ್ತು ಖಜಾನೆಯ ಇಬ್ಬಂದಿ

ತಡೆಯ ಉಪಾಯಗಳಲ್ಲಿ ಅತಿ ಗಟ್ಟಿ ಪುರಾವೆ ಇರುವುದು ತೆರಿಗೆಗೆ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ತಂಬಾಕು ಬಳಕೆ ಸುಮಾರು ಶೇ 5 ಇಳಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಡವರಲ್ಲೂ ಎಳೆಯರಲ್ಲೂ ಇಳಿಕೆ ಹೆಚ್ಚು. ಆದರೆ ಎಲ್ಲ ತಂಬಾಕಿನ ಬೆಲೆಯೂ ಒಟ್ಟಿಗೆ ಏರಬೇಕು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ 40ರ ದರ ನಿಗದಿಪಡಿಸಿತು. ಅದೇ ಸಭೆಯಲ್ಲಿ ಬೀಡಿಯ ದರವನ್ನು ಶೇ 28ರಿಂದ 18ಕ್ಕೆ ಇಳಿಸಿತು. ಬೀಡಿ ಕಟ್ಟುವ ಬಡ ಹೆಂಗಸರ ಜೀವನೋಪಾಯ ಅದಕ್ಕಿದ್ದ ಸಮರ್ಥನೆ. ಶ್ವಾಸಕೋಶದ ಪಾಲಿಗೆ ಬೀಡಿ ಸಿಗರೇಟಿಗಿಂತ ಮೃದುವೇನಲ್ಲ. ಸಿಗರೇಟು ದುಬಾರಿಯಾಗಿ ಬೀಡಿ ಅಗ್ಗವಾದರೆ ಬಿಡುವ ಬದಲು ಬದಲಿಸಿಕೊಳ್ಳುವ ದಾರಿ ತೆರೆಯುತ್ತದೆ.

ಮದ್ಯದಲ್ಲಿ ರಾಜ್ಯದ ಇಬ್ಬಂದಿ ಇನ್ನೂ ಢಾಳಾಗಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಕುಡಿಯುವ ವಯಸ್ಸಿನ ವಿಷಯದಲ್ಲೂ ಕಾನೂನೇ ಎರಡು ಮಾತಾಡುತ್ತದೆ: 1965ರ ಅಬಕಾರಿ ಕಾಯ್ದೆ 18ಕ್ಕಿಂತ ಕಿರಿಯರಿಗೆ ಮಾರುವುದನ್ನು ತಡೆದರೆ, 1967ರ ಪರವಾನಗಿ ನಿಯಮಗಳು 21 ಎನ್ನುತ್ತವೆ. ಎರಡನ್ನೂ 18ಕ್ಕೆ ಸರಿಹೊಂದಿಸುವ ಕರಡು 2023ರ ಜನವರಿಯಲ್ಲಿ ಹೊರಬಿತ್ತು, ವಿರೋಧ ಬಂದೊಡನೆ ಹಿಂದಕ್ಕೆ ಹೋಯಿತು. ತಂಬಾಕಿಗೆ 21 ಎಂದು ಸ್ಪಷ್ಟವಾಗಿ ಬರೆದ ರಾಜ್ಯ ಮದ್ಯಕ್ಕೆ ಅದೇ ಸಂಖ್ಯೆಯನ್ನು ಕಾಯ್ದೆಯಲ್ಲಿ ಬರೆಯಲು ಹಿಂಜರಿಯುವುದಕ್ಕೆ ಆರೋಗ್ಯದ ಕಾರಣ ಯಾವುದೂ ಇಲ್ಲ.

ಈಗಾಗಲೇ ಸಿಕ್ಕಿಕೊಂಡವರ ಸ್ಥಿತಿಯನ್ನು ಇಲ್ಲಿ ಒಂದೇ ಅಂಕಿಯಲ್ಲಿ ಹೇಳಬಹುದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿರುವುದು 38ರಲ್ಲಿ ಒಬ್ಬರಿಗೆ. ತಂಬಾಕು ಬಿಡಲು ಮೇಲೆ ಹೇಳಿದ ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಮದ್ಯ, ಮಾದಕ ವ್ಯಸನಕ್ಕೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್‌ನ 14416. ದಂಡದ ರಸೀದಿಯ ಹಿಂಬದಿಯಲ್ಲಿ ಈ ಸಂಖ್ಯೆಗಳನ್ನು ಅಚ್ಚುಹಾಕಿಸಲು ಕಾನೂನಿನ ತಿದ್ದುಪಡಿ ಬೇಕಿಲ್ಲ.

ಕಾನೂನು ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ

ವರ್ಷದ ಕೊನೆಗೆ ಇಷ್ಟು ಪ್ರಕರಣ, ಇಷ್ಟು ಲಕ್ಷ ದಂಡ ಎಂಬ ಪ್ರಕಟಣೆ ಬರುತ್ತದೆ. ಅದರಿಂದ ಏನೂ ತಿಳಿಯದು. ಬಸ್ ನಿಲ್ದಾಣದಲ್ಲಿ ಸೇದುವವರನ್ನು ಹಿಡಿಯುವುದು ಸುಲಭವಾದ್ದರಿಂದ ಪ್ರಕರಣಗಳು ಅಲ್ಲೇ ಗುಡ್ಡೆ ಬೀಳುತ್ತವೆ. ಎಳೆಯರಿಗೆ ಮಾರಿದ ಪ್ರಕರಣ ಹಿಡಿಯಲು ಮಾರುವ ಕ್ಷಣದಲ್ಲೇ ಅಲ್ಲಿರಬೇಕು.

ಅಮೆರಿಕ ಇದಕ್ಕೆ ಕಂಡುಕೊಂಡ ದಾರಿ ಸೈನಾರ್ ತಿದ್ದುಪಡಿ ಎಂದು ಹೆಸರಾದ 1992ರ ಕಾನೂನು. ಪ್ರತಿ ರಾಜ್ಯವೂ ಅಂಗಡಿಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ, ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಎಳೆಯ ಸ್ವಯಂಸೇವಕರನ್ನು ಕೊಳ್ಳಲು ಕಳಿಸಬೇಕು. ಮಾರಿದ ಅಂಗಡಿಗಳ ಪ್ರಮಾಣ ಶೇ 20 ದಾಟಿದರೆ ಕೇಂದ್ರದ ಅನುದಾನಕ್ಕೆ ಕತ್ತರಿ. 1997ರಲ್ಲಿ ಸುಮಾರು ಶೇ 40 ಅಂಗಡಿಗಳು ಮಾರುತ್ತಿದ್ದವು, ಒಂದೂವರೆ ದಶಕದಲ್ಲಿ ಅದು ಶೇ 10ರ ಆಸುಪಾಸಿಗೆ ಬಂತು.

ಇಲ್ಲಿ ಹೀಗೆ ಮಾಡಲು ಬೇಕಾದದ್ದು ಬಹಳ ಇಲ್ಲ. ಒಂದು ತಾಲ್ಲೂಕಿನ ತಂಬಾಕು ಅಂಗಡಿಗಳ ಪಟ್ಟಿ. ಅದರಿಂದ ಚೀಟಿ ಎತ್ತಿ ಆಯ್ದ ನೂರು ಅಂಗಡಿ. 18ರಿಂದ 20 ವಯಸ್ಸಿನ, ಅಂದರೆ ವಯಸ್ಕರಾಗಿಯೂ ನಿಷೇಧದೊಳಗಿರುವ ನಾಲ್ಕಾರು ವಿದ್ಯಾರ್ಥಿಗಳು. ಕೊಳ್ಳುವುದು ಅಪರಾಧವಲ್ಲದ್ದರಿಂದ ಅವರಿಗೆ ಕಾನೂನಿನ ತೊಡಕಿಲ್ಲ. ಪ್ರತಿ ಅಂಗಡಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಬೇಕು: ವಯಸ್ಸು ಕೇಳಿದರೇ, ಬಿಡಿ ಕೊಟ್ಟರೇ, ಸ್ಯಾಶೆ ಕೊಟ್ಟರೇ. ಮೊದಲ ಸುತ್ತಿಗೆ ದಂಡ ಬೇಡ, ತಿಳಿವಳಿಕೆ ಪತ್ರ ಸಾಕು. ಆರು ತಿಂಗಳ ನಂತರ ಮತ್ತೆ ನೂರು ಅಂಗಡಿ, ಅದೇ ಮೂರು ಪ್ರಶ್ನೆ. ಜಿಲ್ಲಾ ತಂಬಾಕು ನಿಯಂತ್ರಣ ಕೋಶಗಳು ಈಗಾಗಲೇ ಇವೆ. ಪಟ್ಟಿ ತಯಾರಿಸುವ ಕೆಲಸ ಮಾತ್ರ ನಗರಸಭೆ ಮತ್ತು ಪಂಚಾಯಿತಿಗಳಿಂದ ಶುರುವಾಗಬೇಕು.